ತಕ್ಕಡಿಗೆ ಹೋಗದ ಕಬ್ಬಿಣ: ಹಳೆಯ ಅಮೆರಿಕನ್ ಕಾರು ಸಾಕುವವರ ಲೋಕ

ಗುಜರಿ ಅಂಗಡಿಯ ಲೆಕ್ಕದಲ್ಲಿ ಅರುವತ್ತು ವರ್ಷದ ಕಾರು ಅಂದರೆ ತಕ್ಕಡಿಗೆ ಹೋಗುವ ಮಾಲು. ಬ್ಯಾಟರಿ ಬೇರೆ, ಅಲ್ಯೂಮಿನಿಯಂ ಬೇರೆ, ತಾಮ್ರದ ವೈರು ಬೇರೆ, ಉಳಿದದ್ದು ಕಿಲೋ ಲೆಕ್ಕ. ಈ ಲೆಕ್ಕವನ್ನು ನಮ್ಮವರಿಗೆ ಯಾರೂ ಕಲಿಸಬೇಕಾಗಿಲ್ಲ. ಕರಾವಳಿಯಿಂದ ಘಟ್ಟದ ಮೇಲಿನ ತನಕ ಗುಜರಿ ವ್ಯಾಪಾರದಲ್ಲಿ ಬೆವರು ಸುರಿಸಿ ಮಕ್ಕಳನ್ನು ಓದಿಸಿದ ಬ್ಯಾರಿ ಮನೆಗಳು ಎಷ್ಟೋ ಉಂಟು. ಆದರೆ ಅದೇ ತುಕ್ಕು ಹಿಡಿದ ಡಬ್ಬವನ್ನು ಹಣ ಕೊಟ್ಟು ಮನೆಗೆ ಎಳೆದು ತಂದು, ಹತ್ತು ವರ್ಷ ರಾತ್ರಿ ಹಗಲು ಕೂತು ರಿಪೇರಿ ಮಾಡಿ, ವಾರಕ್ಕೊಮ್ಮೆ ನಾಲ್ಕು ಮೈಲಿ ಓಡಿಸಿ ಖುಷಿಪಡುವ ಒಂದು ದೊಡ್ಡ ಬಳಗವೇ ಲೋಕದಲ್ಲಿದೆ. ಅಮೆರಿಕದಲ್ಲಿ ಅದು ಮನೆಮನೆಯ ಹವ್ಯಾಸ. ಗಲ್ಫಿನಲ್ಲೂ ಅದರ ಬೇರು ಗಟ್ಟಿಯಾಗಿದೆ. ಅಲ್ಲಿನ ಗ್ಯಾರೇಜುಗಳಲ್ಲಿ ನಮ್ಮ ಹುಡುಗರ ಕೈಗೂ ಅದರ ಎಣ್ಣೆಮಸಿ ಅಂಟಿದೆ. ಹಾಗಾಗಿ ಈ ವಾರ ಆ ಲೋಕದೊಳಗೆ ಒಂದು ಸುತ್ತು ಹಾಕುವ ಅಂತ ಹೊರಟಿದ್ದೇವೆ.

ಈ ಹವ್ಯಾಸದ ರಾಜಬೀದಿ ಮಿಶಿಗನ್ ರಾಜ್ಯದ ವುಡ್‌ವರ್ಡ್ ಅವೆನ್ಯೂ. ಡೆಟ್ರಾಯ್ಟ್ ನಗರದಿಂದ ಹೊರಟು ಪಾಂಟಿಯಾಕ್ ಎಂಬ ಊರಿನ ಕಡೆಗೆ ಹೋಗುವ ರಸ್ತೆ ಅದು. 1909ರಲ್ಲಿ ಇದೇ ರಸ್ತೆಯ ಒಂದು ಮೈಲಿ ಉದ್ದಕ್ಕೆ ಕಾಂಕ್ರೀಟು ಹಾಸಿದ್ದರು; ಆ ಕಾಲಕ್ಕೆ ಅದೊಂದು ಅದ್ಭುತ. ಪ್ರತಿ ವರ್ಷ ಆಗಸ್ಟ್ ತಿಂಗಳ ಮೂರನೇ ಶನಿವಾರ ಇಲ್ಲಿ ಹಳೆಯ ಕಾರುಗಳ ಮೆರವಣಿಗೆ ನಡೆಯುತ್ತದೆ. ಶುರುವಾದದ್ದು 1995ರಲ್ಲಿ, ಫರ್ನ್‌ಡೇಲ್ ಎಂಬ ಪುಟ್ಟ ಊರಿನ ಮಕ್ಕಳಿಗೆ ಫುಟ್ಬಾಲ್ ಮೈದಾನ ಮಾಡಲು ನಾಲ್ಕು ಕಾಸು ಕೂಡಿಸುವ ಅಂತ. ಈಗ ಸಾವಿರಾರು ಕಾರುಗಳು, ಲಕ್ಷಗಟ್ಟಲೆ ಜನ. ಪಂದ್ಯವಲ್ಲ, ಬಹುಮಾನದ ಗಲಾಟೆಯೂ ಇಲ್ಲ. ಮೆಲ್ಲಗೆ ಹೋಗುವುದು, ಮೆಲ್ಲಗೆ ಬರುವುದು. ರಸ್ತೆ ಬದಿಯಲ್ಲಿ ಮಡಚುವ ಕುರ್ಚಿ ಹಾಕಿ ಕೂತ ಅಜ್ಜಂದಿರು ಮೊಮ್ಮಕ್ಕಳಿಗೆ ಇದು ಇಂಥ ಇಸವಿಯದ್ದು, ಇದರ ಗ್ರಿಲ್ ನೋಡು, ಅದರ ದೀಪ ನೋಡು ಅಂತ ತೋರಿಸುವುದು. ಅವರಲ್ಲಿ ಬಹಳ ಮಂದಿ ಅದೇ ಕಾರುಗಳನ್ನು ಕಾರ್ಖಾನೆಯಲ್ಲಿ ಕೂಡಿಸಿ ನಿವೃತ್ತರಾದವರು.

ಈ ರಸ್ತೆಯ ಬಗ್ಗೆ ಇನ್ನೊಂದು ವಿಷಯ ನಮ್ಮ ಓದುಗರಿಗೆ ಹೇಳಲೇಬೇಕು. ಹೆನ್ರಿ ಫೋರ್ಡನ ಹೈಲ್ಯಾಂಡ್ ಪಾರ್ಕ್ ಕಾರ್ಖಾನೆ ಇದ್ದದ್ದು ಇದೇ ವುಡ್‌ವರ್ಡ್ ರಸ್ತೆಯಲ್ಲಿ. 1913ರಲ್ಲಿ ಕಾರಿನ ಅಸೆಂಬ್ಲಿ ಲೈನ್ ಚಾಲೂ ಆದದ್ದು ಅಲ್ಲಿ. ಮರುವರ್ಷ ಜನವರಿಯಲ್ಲಿ ಫೋರ್ಡ್ ದಿನಕ್ಕೆ ಐದು ಡಾಲರ್ ಸಂಬಳ ಅಂತ ಸಾರಿದ. ಸುದ್ದಿ ಕೇಳಿ ಲೋಕದ ಎಲ್ಲ ಮೂಲೆಗಳಿಂದ ಜನ ಬಂದರು. ಇಂದಿನ ಲೆಬನಾನ್, ಸಿರಿಯಾ ಕಡೆಯ ಮುಸ್ಲಿಮರೂ ಬಂದರು. ದುಡಿಯಲು ಹೋದಲ್ಲಿ ಮೊದಲು ರೂಮು, ಆಮೇಲೆ ಮಸೀದಿ ಅಂತ ಹುಡುಕುವುದು ನಮ್ಮವರ ಸ್ವಭಾವ ತಾನೆ? ಅವರದ್ದೂ ಅದೇ. 1921ರಲ್ಲಿ ಹೈಲ್ಯಾಂಡ್ ಪಾರ್ಕಿನಲ್ಲಿ ಒಂದು ಮಸೀದಿ ಎದ್ದಿತು. ಅಮೆರಿಕದಲ್ಲಿ ಮಸೀದಿಗೆಂದೇ ಕಟ್ಟಿದ ಮೊದಮೊದಲ ಕಟ್ಟಡಗಳಲ್ಲಿ ಅದೂ ಒಂದು. ಅದು ಹೆಚ್ಚು ಕಾಲ ಬಾಳಲಿಲ್ಲ. ಫೋರ್ಡನ ಮುಖ್ಯ ಕೆಲಸ ಡಿಯರ್‌ಬರ್ನ್ ಊರಿನ ರೂಜ್ ಕಾರ್ಖಾನೆಗೆ ಹೋದಾಗ ಜನರೂ ಅತ್ತ ಹೋದರು, ಯೆಮೆನಿಗಳೂ ಬಂದು ಸೇರಿದರು. ಇಂದು ಡಿಯರ್‌ಬರ್ನ್ ಅರಬ್ ಮೂಲದವರು ತುಂಬಿದ ನಗರ. ಅಲ್ಲಿನ ದೊಡ್ಡ ಇಸ್ಲಾಮಿಕ್ ಸೆಂಟರ್ ನಿಂತಿರುವ ರಸ್ತೆಯ ಹೆಸರೇ ಫೋರ್ಡ್ ರೋಡ್. ಅಮೆರಿಕನ್ ಕಾರು ಅಂದ ಕೂಡಲೇ ಅದು ಬೇರೆ ಯಾರದ್ದೋ ಸೊತ್ತು ಅಂತ ನಾವು ಭಾವಿಸಬೇಕಾಗಿಲ್ಲ. ಅದರ ಬೋಲ್ಟು ಬಿಗಿದ ಕೈಗಳಲ್ಲಿ ಐದು ಹೊತ್ತು ವುಳೂ ಮಾಡುವ ಕೈಗಳೂ ಇದ್ದವು.

ಇನ್ನು ಕಾರಿನ ವಿಷಯ. ಫೋರ್ಡಿನ ಮಾಡೆಲ್ ಟಿ 1908ರಿಂದ 1927ರ ತನಕ ಒಂದೂವರೆ ಕೋಟಿಯಷ್ಟು ತಯಾರಾಯಿತು. ಅದನ್ನು ಸಾಕುವವರು ಈಗಲೂ ಇದ್ದಾರೆ. ಆದರೆ ಹೆಚ್ಚಿನವರ ಕಣ್ಣಿರುವುದು 1950 ಮತ್ತು 60ರ ದಶಕದ ಗಾಡಿಗಳ ಮೇಲೆ. ಯುದ್ಧ ಮುಗಿದಿತ್ತು, ಜನರ ಕೈಯಲ್ಲಿ ಹಣ ಓಡಾಡುತ್ತಿತ್ತು, ಪೆಟ್ರೋಲಿಗೆ ನೀರಿನ ಬೆಲೆ. ಕಾರುಗಳು ಉದ್ದವಾದವು, ಅಗಲವಾದವು, ಹಿಂದೆ ರೆಕ್ಕೆ ಮೂಡಿತು. 1959ರ ಕ್ಯಾಡಿಲಾಕ್‌ನ ರೆಕ್ಕೆ ನೋಡಿದರೆ ಇದು ರಸ್ತೆಗೋ ಆಕಾಶಕ್ಕೋ ಅಂತ ಸಂಶಯ ಬರಬೇಕು. ಕೆಲವರಿಗೆ ಅದು ಚಂದ. ನಮಗೆ ಕೇಳಿದರೆ, ಸ್ವಲ್ಪ ಜಾಸ್ತಿಯೇ ಆಯಿತು. ಅದಕ್ಕಿಂತ 1955ರಿಂದ 57ರ ತನಕ ಬಂದ ಷೆವರ್ಲೆ ಬೆಲ್ ಏರ್ ಹೆಚ್ಚು ಅಂದದ್ದು. 1955ರಲ್ಲಿ ಷೆವರ್ಲೆ ಒಂದು ಹೊಸ ಇಂಜಿನ್ ತಂದಿತು: ಎಂಟು ಸಿಲಿಂಡರಿನ, ಸಣ್ಣ ಗಾತ್ರದ ವಿ-8. ಅದೇ ಜಾತಿಯ ಇಂಜಿನ್ನುಗಳನ್ನು ಕಂಪನಿ 2011ರ ಹೊತ್ತಿಗೆ ಹತ್ತು ಕೋಟಿ ತಯಾರಿಸಿತ್ತು. ಹವ್ಯಾಸಿಗಳಿಗೆ ಇದರಷ್ಟು ದೊಡ್ಡ ಉಪಕಾರ ಬೇರೆ ಇಲ್ಲ. ಯಾವ ಊರಿನ ಗುಜರಿಗೆ ಹೋದರೂ ಯಾವುದಾದರೂ ಒಂದು ಭಾಗ ಸಿಕ್ಕಿಯೇ ಸಿಗುತ್ತದೆ.

ಆಮೇಲೆ ಬಂತು ಶಕ್ತಿಯ ಹುಚ್ಚು. 1964ರ ಪಾಂಟಿಯಾಕ್ ಜಿಟಿಒ, ಅದೇ ವರ್ಷದ ಏಪ್ರಿಲ್ 17ರಂದು ನ್ಯೂಯಾರ್ಕಿನ ವಿಶ್ವ ಮೇಳದಲ್ಲಿ ಬಿಡುಗಡೆಯಾದ ಫೋರ್ಡ್ ಮಸ್ಟಾಂಗ್. ಮಸ್ಟಾಂಗಿನ ಆರಂಭದ ಬೆಲೆ 2,368 ಡಾಲರ್. ಮೊದಲ ವರ್ಷವೇ ನಾಲ್ಕು ಲಕ್ಷಕ್ಕೂ ಮೇಲೆ ಮಾರಾಟ. ಕಾರ್ಖಾನೆಯ ಹುಡುಗನೂ ಕಂತಿನಲ್ಲಿ ತೆಗೆದುಕೊಳ್ಳಬಹುದಾದ ಕಾರು ಅದು. ಇಂದು ಎಪ್ಪತ್ತೈದು ದಾಟಿದ ಅಜ್ಜಂದಿರು ಮಸ್ಟಾಂಗಿನ ಕೆಳಗೆ ಮಲಗಿ ಬೋಲ್ಟು ಬಿಚ್ಚುವುದಕ್ಕೆ ಕಾರಣ ಇಷ್ಟೇ, ಹದಿನೆಂಟರಲ್ಲಿ ಕೈಗೆ ಸಿಗದ್ದು ಈಗ ಸಿಕ್ಕಿದೆ. ಆ ಕಾಲ ಮುಗಿದದ್ದಕ್ಕೂ ನಮಗೂ ಸಂಬಂಧ ಉಂಟು. 1970ರ ವಾಯುಮಾಲಿನ್ಯ ಕಾಯಿದೆ ಒಂದು ಪೆಟ್ಟು ಕೊಟ್ಟಿತು. 1973ರ ಅಕ್ಟೋಬರಿನಲ್ಲಿ ಅರಬ್ ದೇಶಗಳು ಎಣ್ಣೆ ನಿಲ್ಲಿಸಿದ್ದು ಎರಡನೇ ಪೆಟ್ಟು. ಅಮೆರಿಕದ ಪಂಪುಗಳ ಮುಂದೆ ಮೈಲುದ್ದದ ಸಾಲು. ದೊಡ್ಡ ಇಂಜಿನ್ನಿನ ಕಾರುಗಳು ಮೂಲೆ ಸೇರಿದವು. ಅತ್ತ ಗಲ್ಫಿನಲ್ಲಿ ಎಣ್ಣೆಯ ಬೆಲೆ ಏರಿತು, ಕೆಲಸಕ್ಕೆ ಜನ ಬೇಕಾಯಿತು, ನಮ್ಮ ಮನೆಗಳಿಂದ ಹುಡುಗರು ಬೊಂಬಾಯಿ ದಾರಿಯಾಗಿ ಹೊರಟರು. ಒಂದೇ ಬೆಲೆಯೇರಿಕೆ ಡೆಟ್ರಾಯ್ಟಿನ ಕಾರುಗಳನ್ನು ಶೆಡ್ಡಿಗೆ ತಳ್ಳಿತು, ನಮ್ಮವರನ್ನು ವಿಮಾನ ಹತ್ತಿಸಿತು.

ಸಾಕುವುದು ಅಂದೆವಲ್ಲ, ಅದರಲ್ಲಿ ಮುಕ್ಕಾಲು ಪಾಲು ತುಕ್ಕಿನೊಂದಿಗೆ ಜಗಳ. ಮಿಶಿಗನ್ ಕಡೆ ಚಳಿಗಾಲದಲ್ಲಿ ಹಿಮ ಕರಗಲಿ ಅಂತ ರಸ್ತೆಗೆ ಉಪ್ಪು ಸುರಿಯುತ್ತಾರೆ. ಆ ಉಪ್ಪುನೀರು ಕಾರಿನ ತಳ ತಿನ್ನುತ್ತದೆ. ನಮ್ಮಲ್ಲಿ ಆ ಕೆಲಸವನ್ನು ಸಮುದ್ರದ ಗಾಳಿ ಬಿಟ್ಟಿಯಾಗಿ ಮಾಡಿಕೊಡುತ್ತದೆ. ಉಳ್ಳಾಲ, ಸುರತ್ಕಲ್ ಕಡೆಯವರಿಗೆ ವಿವರಿಸಬೇಕಾಗಿಲ್ಲ. ಅದಕ್ಕೇ ಅಲ್ಲಿನ ಜಾಣರು ಅರಿಜೋನಾದಂಥ ಒಣ ರಾಜ್ಯಗಳ ಗುಜರಿಗಳಿಂದ ಬಾಡಿ ತರಿಸುತ್ತಾರೆ. ಮರುಭೂಮಿಯ ಬಿಸಿಲಿಗೆ ಸೀಟು, ರಬ್ಬರು ಹುಡಿಯಾದರೂ ಕಬ್ಬಿಣ ಗಟ್ಟಿ ಇರುತ್ತದೆ. ತಳದ ಶೀಟು ಕತ್ತರಿಸಿ, ಹೊಸದು ವೆಲ್ಡ್ ಮಾಡಿ, ತಿಂಗಳುಗಟ್ಟಲೆ ಉಜ್ಜಿ ಪೈಂಟು ಹೊಡೆಯುವುದೇ ಈ ಹವ್ಯಾಸದ ಅಸಲಿ ದುಡಿಮೆ. ಮೆರವಣಿಗೆಯಲ್ಲಿ ಹೊಳೆಯುವ ಕಾರು ನೋಡಿದವರಿಗೆ ಅದು ಕಾಣುವುದಿಲ್ಲ.

ಕೊಳ್ಳಲು ಹೋಗುವವರ ಕಿಸೆಯಲ್ಲಿ ಒಂದು ಅಯಸ್ಕಾಂತ ಇರುತ್ತದೆ. ಬಾಡಿಯ ಮೇಲೆ ಓಡಿಸಿದಾಗ ಅಯಸ್ಕಾಂತ ಅಂಟದ ಕಡೆ ಒಳಗೆ ಪಾಟಿ ತುಂಬಿದ್ದಾರೆ ಅಂತ ಅರ್ಥ. ಇಂಜಿನ್ನಿನ ಮೇಲೆ ಕೊರೆದ ನಂಬರು ಬಾಡಿಯ ನಂಬರಿಗೆ ತಾಳೆಯಾದರೆ ಬೆಲೆ ಎಷ್ಟೋ ಪಟ್ಟು ಜಾಸ್ತಿ. ಆದ್ದರಿಂದ ಮೋಸವೂ ಅಲ್ಲೇ. ಜಿಟಿಒ ಶುರುವಿನಲ್ಲಿ ಪಾಂಟಿಯಾಕ್ ಟೆಂಪೆಸ್ಟ್ ಸಾಲಿನ ಕಾರಿಗೆ ಹಣ ಕೊಟ್ಟು ಸೇರಿಸಿಕೊಳ್ಳುವ ಪ್ಯಾಕೇಜ್ ಆಗಿತ್ತು. ಹಾಗಾಗಿ ಸಾಧಾರಣ ಕಾರಿಗೆ ಜಿಟಿಒ ಬ್ಯಾಡ್ಜು ಅಂಟಿಸಿ ಮಾರಿದವರಿಗೆ ಲೆಕ್ಕವಿಲ್ಲ. ಮಾಲಿನ ದೋಷ ಮುಚ್ಚಿ ಮಾರಬಾರದು ಅಂತ ನಮ್ಮ ಮದ್ರಸದ ಮಕ್ಕಳಿಗೂ ಗೊತ್ತು. ಅಲ್ಲಿನ ಹವ್ಯಾಸಿಗಳಲ್ಲಿ ಒಳ್ಳೆಯವರೂ ಹೀಗೇ ನಡೆದುಕೊಳ್ಳುತ್ತಾರೆ: ನಕಲು ಮಾಡಿದರೆ ನಕಲು ಅಂತಲೇ ಹೇಳಿ ಮಾರುತ್ತಾರೆ, ಅದಕ್ಕೂ ಗಿರಾಕಿ ಇದ್ದಾರೆ.

ವರ್ಷಗಟ್ಟಲೆ ನಿಂತು ಜಾಮ್ ಆದ ಇಂಜಿನ್ನಿಗೆ ಅವಸರ ಮಾಡಬಾರದು. ಪ್ಲಗ್ ತೆಗೆದು ಸಿಲಿಂಡರಿನೊಳಗೆ ಎಣ್ಣೆ ಬಿಟ್ಟು, ದಿನಗಟ್ಟಲೆ ನೆನೆಸಿ, ಆಮೇಲೆ ಕೈಯಿಂದ ಮೆಲ್ಲಗೆ ತಿರುಗಿಸಿ ನೋಡಬೇಕು. ಒತ್ತಾಯ ಮಾಡಿದರೆ ಪಿಸ್ಟನ್ ರಿಂಗ್ ಮುರಿಯುತ್ತದೆ, ಆಮೇಲೆ ಬೋರಿಂಗಿಗೆ ಲೇತಿನವರ ಮನೆ. ಡಿಸ್ಟ್ರಿಬ್ಯೂಟರಿನ ಪಾಯಿಂಟ್ ಗ್ಯಾಪ್ ನೋಡಲು ಗೇಜ್ ಇಲ್ಲದ ಹೊತ್ತಿನಲ್ಲಿ ಬೆಂಕಿಪೊಟ್ಟಣದ ರಟ್ಟನ್ನೇ ತೂರಿಸಿ ಅಳೆದವರು ಅಲ್ಲೂ ಇದ್ದಾರೆ, ಇಲ್ಲೂ ಇದ್ದಾರೆ. ಪೆಟ್ರೋಲೂ ಬದಲಾಗಿದೆ. ಹಿಂದೆ ಅದರಲ್ಲಿ ಸೀಸ ಇರುತ್ತಿತ್ತು. ಸೀಸ ಮಕ್ಕಳ ಮೆದುಳಿಗೆ ವಿಷ, ಹೋದದ್ದು ಒಳ್ಳೆಯದೇ. ಆದರೆ ಹಳೆಯ ಇಂಜಿನ್ನಿನ ವಾಲ್ವ್ ಸೀಟ್ ಸವೆಯದಂತೆ ಕಾಯುತ್ತಿದ್ದದ್ದೂ ಅದೇ. ಈಗ ಗಟ್ಟಿ ಸೀಟ್ ಹಾಕಿಸಬೇಕು. ಈಗಿನ ಪೆಟ್ರೋಲಿಗೆ ಬೆರೆಸುವ ಎಥನಾಲ್ ಹಳೆಯ ರಬ್ಬರ್ ಪೈಪು, ಕಾರ್ಬೊರೇಟರಿನ ವಾಷರು ತಿನ್ನುತ್ತದೆ. ಇದು ಅಮೆರಿಕದ ಕಾರಿಗೆ ಮಾತ್ರ ಅಲ್ಲ, ನಿಮ್ಮ ಮನೆಯಲ್ಲಿ ಹಳೆಯ ಅಂಬಾಸಿಡರೋ ಸ್ಕೂಟರೋ ಇದ್ದರೆ ಅದರ ಪೈಪನ್ನೂ ಒಮ್ಮೆ ಮುಟ್ಟಿ ನೋಡಿ. ಬ್ರೇಕಿನ ವಿಷಯ ಇನ್ನೂ ಗಂಭೀರ. 1967ಕ್ಕಿಂತ ಹಿಂದಿನ ಹೆಚ್ಚಿನ ಅಮೆರಿಕನ್ ಕಾರುಗಳಲ್ಲಿ ನಾಲ್ಕೂ ಚಕ್ರಕ್ಕೆ ಒಂದೇ ಬ್ರೇಕ್ ಲೈನ್. ಒಂದು ಕಡೆ ಸೋರಿದರೆ ಪೆಡಲ್ ಸೀದಾ ನೆಲಕ್ಕೆ. ಎರಡು ಕೋಣೆಯ ಮಾಸ್ಟರ್ ಸಿಲಿಂಡರ್ ಹಾಕಿಸಿಕೊಳ್ಳದೆ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೋಗುವವರನ್ನು ಕಂಡರೆ ನಮಗೆ ಕೋಪ ಬರುತ್ತದೆ. ಅಸಲಿತನ ಕಾಪಾಡಬೇಕು ಅಂತ ಅವರ ವಾದ. ಇರಲಿ, ಜೀವಕ್ಕಿಂತ ದೊಡ್ಡ ಅಸಲಿತನ ಯಾವುದು?

ಪೆನ್ಸಿಲ್ವೇನಿಯಾದ ಹರ್ಶಿ ಊರಿನಲ್ಲಿ ಪ್ರತಿ ಅಕ್ಟೋಬರಿನಲ್ಲಿ ಹಳೆಯ ಬಿಡಿಭಾಗಗಳ ಸಂತೆ ಸೇರುತ್ತದೆ. ನಡೆಸುವುದು 1935ರಲ್ಲಿ ಹುಟ್ಟಿದ ಹಳೆಯ ಕಾರುಗಳ ಸಂಘ. ತುಕ್ಕು ಹಿಡಿದ ಬಾಗಿಲ ಹಿಡಿ, ಒಡೆದ ಲ್ಯಾಂಪು, ಯಾವ ಕಾರಿನದ್ದೋ ಗೊತ್ತಿಲ್ಲದ ಸ್ಪ್ರಿಂಗು, ಎಲ್ಲ ಮೇಜಿನ ಮೇಲೆ. ಹತ್ತು ವರ್ಷ ಹುಡುಕಿದ ಒಂದು ಸ್ಕ್ರೂ ಅಲ್ಲಿ ಸಿಕ್ಕಿ ಕಣ್ಣೀರು ಹಾಕುವವರು ಇರುತ್ತಾರಂತೆ. ನಮ್ಮ ಗುಜರಿಯವರಿಗೆ ಆ ಸಂತೆ ತೋರಿಸಿದರೆ ಏನು ಹೇಳಿಯಾರು ಅಂತ ಯೋಚಿಸಿ ನಗು ಬರುತ್ತದೆ.

ಗಲ್ಫಿಗೆ ಬರುವ. 1933ರಲ್ಲಿ ಸೌದಿ ಅರೇಬಿಯಾ ಎಣ್ಣೆ ಹುಡುಕುವ ಹಕ್ಕನ್ನು ಕ್ಯಾಲಿಫೋರ್ನಿಯಾದ ಕಂಪನಿಗೆ ಕೊಟ್ಟಿತು. 1938ರಲ್ಲಿ ದಮ್ಮಾಮಿನ ಏಳನೇ ಬಾವಿಯಲ್ಲಿ ಎಣ್ಣೆ ಚಿಮ್ಮಿತು. ಅಮೆರಿಕನ್ನರ ಹಿಂದೆಯೇ ಅಮೆರಿಕದ ಗಾಡಿಗಳೂ ಬಂದವು. ಮರಳಿನಲ್ಲಿ ಡಾಜ್ ಪವರ್ ವ್ಯಾಗನ್, ಊರಿನಲ್ಲಿ ಷೆವರ್ಲೆ. ಮಕ್ಕಾದಿಂದ ಮದೀನಾಕ್ಕೆ ಹಿಂದೆ ಶೇರ್ ಟ್ಯಾಕ್ಸಿಯಲ್ಲಿ ಹೋದ ಹಿರಿಯರನ್ನು ಕೇಳಿ ನೋಡಿ, ಆ ಉದ್ದನೆಯ ಜಿಎಂಸಿ ಸಬರ್ಬನ್ ಅವರಿಗೆ ನೆನಪಿರುತ್ತದೆ. ಅರಬರ ಬಾಯಲ್ಲಿ ಅದು ‘ಜಿಮ್ಸ್’. ಸಬರ್ಬನ್ ಎಂಬ ಹೆಸರು 1935ರಿಂದ ಇಂದಿನ ತನಕ ಚಾಲ್ತಿಯಲ್ಲಿದೆ. ಇಷ್ಟು ಬಾಳಿದ ಕಾರಿನ ಹೆಸರು ಮತ್ತೊಂದು ಸಿಗುವುದು ಕಷ್ಟ. ಷೆವರ್ಲೆ ಕ್ಯಾಪ್ರಿಸ್ ಅಂತೂ ಅಲ್ಲಿನವರ ಮನೆಯ ಮಗನ ಹಾಗೆ. ಮನೆಯವರೆಲ್ಲ ಕೂರುವಷ್ಟು ಜಾಗ, ಸುಡು ಬಿಸಿಲಲ್ಲೂ ಮಂಜಿನಂಥ ಏಸಿ. ಅಮೆರಿಕದಲ್ಲಿ 1996ಕ್ಕೆ ಅದರ ತಯಾರಿ ನಿಂತಿತು. ಗಲ್ಫಿನ ಹವ್ಯಾಸಿಗಳು ಈಗಲೂ ಹಳೆಯ ಕ್ಯಾಪ್ರಿಸ್ ಹುಡುಕಿ ಹಡಗಿನಲ್ಲಿ ತರಿಸಿ, ತಮ್ಮ ಬಾಪ ಓಡಿಸುತ್ತಿದ್ದ ಅದೇ ಬಣ್ಣ ಹೊಡೆಸುತ್ತಾರೆ. ಶಾರ್ಜಾದಲ್ಲಿ ಹಳೆಯ ಕಾರುಗಳದ್ದೇ ಮ್ಯೂಸಿಯಂ ಉಂಟು. ಅಬುಧಾಬಿ ಸಮೀಪದ ಮರಳುಗಾಡಿನ ಮ್ಯೂಸಿಯಮ್ಮಿನಲ್ಲಿ ಅಲ್ಲಿನ ಶೇಖ್ ಒಬ್ಬರು ಮಾಡಿಸಿದ ಭಾರೀ ಗಾತ್ರದ ಡಾಜ್ ಪವರ್ ವ್ಯಾಗನ್ ಇದೆ, ಮನೆಯಷ್ಟು ದೊಡ್ಡದು. ರಜೆಯಲ್ಲಿರುವವರು ಮಕ್ಕಳನ್ನು ಕರೆದುಕೊಂಡು ಹೋಗಬಹುದು, ಮಾಲ್ ಸುತ್ತುವುದಕ್ಕಿಂತ ವಾಸಿ.

ಆದರೆ ಶೇಖನ ಕಾರಿನ ಕೆಳಗೆ ಮಲಗುವುದು ಶೇಖನಲ್ಲ. ಶಾರ್ಜಾದ ಇಂಡಸ್ಟ್ರಿಯಲ್ ಏರಿಯಾ, ಅಬುಧಾಬಿಯ ಮುಸಫ್ಫಾ, ಕುವೈತಿನ ಶುವೈಖ್, ಈ ಹೆಸರುಗಳು ನಮ್ಮ ಎಷ್ಟೋ ಮನೆಗಳಿಗೆ ಪರಿಚಿತ. ಅಲ್ಲಿನ ಗ್ಯಾರೇಜುಗಳಲ್ಲಿ ಮಲಬಾರಿಗಳು, ಪಾಕಿಸ್ತಾನಿಗಳ ಜೊತೆ ನಮ್ಮವರೂ ಇಂಜಿನ್ ಕಟ್ಟಿದ್ದಾರೆ, ಟಿಂಕರಿಂಗ್ ಮಾಡಿದ್ದಾರೆ. ದಮ್ಮಾಮಿನ ಗ್ಯಾರೇಜೊಂದರಲ್ಲಿ ಇಪ್ಪತ್ತೆರಡು ವರ್ಷ ದುಡಿದು ಊರಿಗೆ ಬಂದ ಒಬ್ಬರು ಕಾಕನ ಹತ್ತಿರ ನಾವು ಈ ಲೇಖನಕ್ಕಾಗಿ ಕೂತು ಮಾತಾಡಿದೆವು. ಕ್ಯಾಪ್ರಿಸಿನ 5.7 ಲೀಟರ್ ಇಂಜಿನ್ ಬಿಚ್ಚಿ ಕೂಡಿಸುವುದು ಅವರಿಗೆ ನಿದ್ದೆಯಲ್ಲೂ ಬರುತ್ತದೆ. ಉದ್ದನೆಯ ಸ್ಕ್ರೂಡ್ರೈವರಿನ ತುದಿ ಇಂಜಿನ್ನಿಗೆ, ಹಿಡಿ ಕಿವಿಗೆ. ಟ್ಯಾಪೆಟ್ ಸದ್ದೋ ಬೇರಿಂಗ್ ಸದ್ದೋ ಅಂತ ಅರ್ಧ ನಿಮಿಷದಲ್ಲಿ ಹೇಳುತ್ತಿದ್ದರಂತೆ. ‘ನನ್ನ ಇಖಾಮದಲ್ಲಿ ಕೆಲಸ ಅಂತ ಬರೆದದ್ದು ಲೇಬರ್. ಇಪ್ಪತ್ತೆರಡು ವರ್ಷ ಇಂಜಿನ್ ಕಟ್ಟಿದೆ, ಕಾಗದದಲ್ಲಿ ಲೇಬರ್ ಆಗಿಯೇ ವಾಪಸು ಬಂದೆ’ ಅಂದರು. ಊರಿಗೆ ಬಂದು ಒಂದು ಕಡೆ ಕೆಲಸ ಕೇಳಿದಾಗ ಸರ್ಟಿಫಿಕೇಟ್ ತನ್ನಿ ಅಂದರಂತೆ. ಈಗ ಮಗನ ಮೊಬೈಲ್ ಅಂಗಡಿಯಲ್ಲಿ ಕೂರುತ್ತಾರೆ. ‘ಕಲಿಸ್ತೀರಾ ಕಾಕಾ, ಹುಡುಗರು ಬಂದ್ರೆ?’ ಅಂತ ಕೇಳಿದೆವು. ‘ಬರ್ಲಿ. ಆದ್ರೆ ಬರೋದು ಯಾರು? ಈಗಿನವ್ರಿಗೆ ಸ್ಕ್ಯಾನರ್ ಹಾಕಿ ನೋಡಿದ್ರೆ ಮುಗೀತು. ಸ್ಕ್ಯಾನರ್ ಹಾಕ್ಲಿಕ್ಕೆ ಈ ಗಾಡಿಯಲ್ಲಿ ತೂತೇ ಇಲ್ವಲ್ಲ’ ಅಂತ ನಕ್ಕರು.

ಅಮೆರಿಕದಲ್ಲೂ ಇದೇ ಚಿಂತೆ. ಕಾರ್ಬೊರೇಟರ್ ಟ್ಯೂನ್ ಮಾಡುವವರು, ಕೈಯಿಂದ ಶೀಟು ಬಡಿಯುವವರು ವರ್ಷ ವರ್ಷ ಕಡಿಮೆಯಾಗುತ್ತಿದ್ದಾರೆ. ಅಪ್ಪ ತೀರಿಕೊಂಡಾಗ ಮಕ್ಕಳಿಗೆ ಗ್ಯಾರೇಜಿನಲ್ಲಿ ಅರ್ಧ ಬಿಚ್ಚಿಟ್ಟ ಕಾರು ಏನು ಮಾಡುವುದಂತ ಗೊತ್ತಿರುವುದಿಲ್ಲ. ಆದರೆ ಅವರು ಒಂದು ಕೆಲಸ ಮಾಡಿದ್ದಾರೆ. ಕಾನ್ಸಾಸ್ ರಾಜ್ಯದ ಮೆಕ್‌ಫರ್ಸನ್ ಕಾಲೇಜಿನಲ್ಲಿ ಹಳೆಯ ಕಾರು ದುರಸ್ತಿಗೆ ನಾಲ್ಕು ವರ್ಷದ ಪದವಿಯೇ ಉಂಟು. ಇಂಜಿನ್, ಪೈಂಟು, ಶೀಟು ಕೆಲಸ, ಸೀಟು ಹೊಲಿಯುವುದು, ಜೊತೆಗೆ ಕಾರಿನ ಇತಿಹಾಸ. ನಮ್ಮ ಕಾಕನಿಗೆ ಗೊತ್ತಿರುವ ವಿದ್ಯೆಗೆ ಅಲ್ಲಿ ಪದವಿ ಕೊಡುತ್ತಾರೆ. ಇಲ್ಲಿ ನಮ್ಮ ಸಂಘ ಸಂಸ್ಥೆಗಳು, ಜಮಾಅತ್‌ಗಳು ಕೆರಿಯರ್ ಗೈಡೆನ್ಸ್ ಅಂತ ಸಭೆ ಮಾಡುವಾಗ ಡಾಕ್ಟರು, ಇಂಜಿನಿಯರು, ಸಿಎ ಬಿಟ್ಟು ಆಚೆ ಹೋಗುವುದಿಲ್ಲ. ಒಂದು ಭಾನುವಾರ ಇಂಥ ನಾಲ್ಕು ಜನ ಹಿರಿಯ ಮೆಕ್ಯಾನಿಕರನ್ನು ವೇದಿಕೆಗೆ ಕರೆದರೆ ಏನು ನಷ್ಟ? ಐಟಿಐ ಕಲಿಯುವ ಹುಡುಗರು ಎದುರಿಗೆ ಕೂರಲಿ, ಒಂದು ಹಳೆಯ ಇಂಜಿನ್ ಮಧ್ಯದಲ್ಲಿ ಇರಲಿ.

ಇದೆಲ್ಲ ಇಸ್ರಾಫ್ ಅಲ್ಲವಾ ಅಂತ ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಸಾಲ ಮಾಡಿ ಕ್ರೋಮಿಯಂ ಬಂಪರು ತರಿಸುವುದು, ಮಗಳ ಫೀಸು ಬಾಕಿ ಇಟ್ಟು ಟಯರು ಕೊಳ್ಳುವುದು ಹುಚ್ಚು, ಅದಕ್ಕೆ ಹವ್ಯಾಸ ಅಂತ ಹೆಸರಿಡುವುದು ಬೇಡ. ರಿಪೇರಿಗೆ ಸುರಿದ ಹಣ ಮಾರುವಾಗ ವಾಪಸು ಬರುವುದು ಅಪರೂಪ ಅಂತ ಅಮೆರಿಕದವರೇ ಒಪ್ಪುತ್ತಾರೆ. ಆದರೆ ಇದ್ದದ್ದನ್ನು ಎಸೆಯದೆ ಸರಿಮಾಡಿ ಬಳಸುವುದೂ, ಮೂರು ವರ್ಷಕ್ಕೊಮ್ಮೆ ಲೋನಿನಲ್ಲಿ ಹೊಸ ಕಾರು ಬದಲಿಸುವುದೂ ಎದುರೆದುರು ನಿಂತರೆ ಯಾವುದು ದುಂದು ಅಂತ ಹೇಳುವುದು ಅಷ್ಟು ಸುಲಭವಲ್ಲ. ಝಕಾತಿನ ಬಗ್ಗೆಯೂ ಕೆಲವರು ಕೇಳುತ್ತಾರೆ. ಸ್ವಂತ ಉಪಯೋಗದ ಗಾಡಿಗೆ ಇಲ್ಲ, ಮಾರುವ ಉದ್ದೇಶದಿಂದಲೇ ಕೊಂಡದ್ದಾದರೆ ಅದು ವ್ಯಾಪಾರದ ಸರಕು. ವಿವರ ನಿಮ್ಮ ಉಸ್ತಾದರಲ್ಲಿ ಕೇಳಿಕೊಳ್ಳಿ.

ನಮ್ಮ ಕಡೆಗೂ ಈ ಗಾಡಿಗಳು ಬಾರದೆ ಇರಲಿಲ್ಲ. ಜನರಲ್ ಮೋಟಾರ್ಸ್ 1928ರಲ್ಲೇ ಬೊಂಬಾಯಿಯ ಶಿವಡಿಯಲ್ಲಿ ಕಾರು ಕೂಡಿಸಲು ಶುರುಮಾಡಿತ್ತು. ಸ್ವಾತಂತ್ರ್ಯದ ಹೊತ್ತಿಗೆ ಕುರ್ಲಾದಲ್ಲಿ ಪ್ರೀಮಿಯರ್ ಕಂಪನಿ ಡಾಜ್, ಪ್ಲಿಮತ್ ಕಾರುಗಳನ್ನೂ ಆಮೇಲೆ ಫಾರ್ಗೊ ಲಾರಿಗಳನ್ನೂ ಹೊರತಂದಿತು. ಫಿಯೆಟ್ ಬರುವ ಮೊದಲು ಬೊಂಬಾಯಿಯ ಟ್ಯಾಕ್ಸಿಗಳಲ್ಲಿ ಡಾಜ್, ಪ್ಲಿಮತ್‌ಗಳೂ ಇದ್ದವು. ಹಳೆಯ ಕಾರು ಕಣ್ಣಾರೆ ನೋಡಬೇಕೆಂದರೆ ಧರ್ಮಸ್ಥಳದ ಕಾರು ಸಂಗ್ರಹಾಲಯ ನಮ್ಮ ಜಿಲ್ಲೆಯಲ್ಲೇ ಉಂಟು.

ಕೊನೆಗೆ, ಹಿತ್ತಿಲಲ್ಲಿ ಅಜ್ಜನ ಕಾಲದ ಗಾಡಿ ಇಟ್ಟುಕೊಂಡವರಿಗೆ ಒಂದೆರಡು ಮಾತು. ತೂಕಕ್ಕೆ ಹಾಕುವ ಮೊದಲು ಆರ್‌ಸಿ ಹುಡುಕಿ, ಇಂಜಿನ್ ನಂಬರು, ಚಾಸಿ ನಂಬರು ಬರೆದಿಟ್ಟುಕೊಳ್ಳಿ. 2021ರಲ್ಲಿ ಕೇಂದ್ರ ಸರಕಾರ ತಂದ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದಿರುವ ಸ್ವಂತ ವಾಹನವನ್ನು ವಿಂಟೇಜ್ ಅಂತ ನೋಂದಾಯಿಸಬಹುದು. ನಂಬರಿನಲ್ಲಿ ‘ವಿಎ’ ಅಕ್ಷರಗಳು ಬರುತ್ತವೆ. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷಕ್ಕೆ, ನವೀಕರಣಕ್ಕೆ 5,000. ದಿನಾ ಓಡಿಸುವಂತಿಲ್ಲ, ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲು, ಇಷ್ಟಕ್ಕೆ ಮಾತ್ರ. ಮಳೆಗಾಲಕ್ಕೆ ಪ್ಲಾಸ್ಟಿಕ್ ತಾರ್ಪಾಲು ಬಿಗಿದು ಕಟ್ಟಬೇಡಿ, ಒಳಗೆ ಬೆವತು ತುಕ್ಕು ಇನ್ನೂ ಬೇಗ ಹಿಡಿಯುತ್ತದೆ. ಸೂರಿನ ಕೆಳಗೆ ಬಟ್ಟೆಯ ಹೊದಿಕೆ ಸಾಕು. ಬ್ಯಾಟರಿ ತೆಗೆದಿಡಿ, ಗಾಡಿಯನ್ನು ಸ್ಟ್ಯಾಂಡಿನ ಮೇಲೆ ಎತ್ತಿ ಟಯರು ನೆಲಕ್ಕೆ ತಾಗದಂತೆ ಇಡಿ. ಇಂಜಿನ್ ಜಾಮ್ ಆಗಿದ್ದರೆ ನೀವಾಗಿ ತಿರುಗಿಸಲು ಹೋಗದೆ, ನಿಮ್ಮ ಜಮಾಅತಿನಲ್ಲಿ ಗಲ್ಫಿನ ಗ್ಯಾರೇಜಿನಲ್ಲಿ ದುಡಿದು ಬಂದ ಕಾಕ ಯಾರಿದ್ದಾರೆ ಅಂತ ಮುಂದಿನ ಜುಮಾ ಕಳೆದು ವಿಚಾರಿಸಿ.